ನಿಶ್ಚಲ ಕಡಲಿನ ಭಯ

ಸಮುದ್ರದ ಭಯವೆಂದರೆ ಬಿರುಗಾಳಿಯ ಭಯ, ಹೆದ್ದೆರೆಗಳ ಭಯ ಎಂಬುದು ಸಾಮಾನ್ಯರ ತಿಳಿವಳಿಕೆ. ಆದರೆ ಗ್ರೀನ್‌ಲೆಂಡಿನ ಪಶ್ಚಿಮ ಕರಾವಳಿಯ ಬೇಟೆಗಾರರನ್ನೂ ಬೆಸ್ತರನ್ನೂ ಕಾಡಿದ ಭಯವೇ ಬೇರೆ. ಗಾಳಿಯ ಸುಳಿವಿಲ್ಲದೆ, ಕನ್ನಡಿಯಂತೆ ಹೊಳೆಯುತ್ತ ಮಲಗಿದ ತಿಳಿಗಡಲೇ ಅವರಿಗೆ ಯಮಸ್ವರೂಪವಾಗುತ್ತಿತ್ತು! ಭೋರ್ಗರೆವ ತೆರೆಗಳ ನಡುವೆ ನಿರಾತಂಕವಾಗಿ ದೋಣಿ ನಡೆಸಬಲ್ಲ ಗಂಡಸು, ತೆರೆಯೇ ಇಲ್ಲದ ದಿನ ಎಳೆಯ ಮಗುವಿನಂತೆ ನಡುಗುವನೆಂದರೆ ಯಾರು ತಾನೆ ನಂಬಿಯಾರು? ಆದರೂ ಇದು ಕಟ್ಟುಕಥೆಯಲ್ಲ. ವೈದ್ಯರ ದಾಖಲೆಗಳಲ್ಲಿ ಸೇರಿರುವ ಸತ್ಯಸಂಗತಿ.

ಹಿಂದೆ ಎಸ್ಕಿಮೋಗಳೆಂದು ಲೋಕವೆಲ್ಲ ಕರೆಯುತ್ತಿದ್ದ ಇನುಯಿಟ್ ಜನರ ದೋಣಿಗೆ ಕಯಾಕ್ ಎಂದು ಹೆಸರು. ಮರ ಅಪರೂಪವಾದ ಆ ನಾಡಿನಲ್ಲಿ, ಕಡಲು ದಡಕ್ಕೆ ತಂದೆಸೆದ ಮರದ ತುಂಡುಗಳಿಂದ ಹಂದರ ಕಟ್ಟಿ, ಹೆಂಗಸರು ಹದಮಾಡಿ ಹೊಲಿದ ಸೀಲ್ ಪ್ರಾಣಿಯ ಚರ್ಮವನ್ನು ಅದಕ್ಕೆ ಹೊದಿಸುತ್ತಿದ್ದರು. ಉದ್ದ ಸುಮಾರು 5 ಮೀಟರ್. ಅಗಲ ಅರ್ಧ ಮೀಟರಿನಷ್ಟು ಮಾತ್ರ. ನಡುವಿನ ಕಿಂಡಿಯಲ್ಲಿ ಒಬ್ಬನೇ ಕಾಲು ನೀಡಿ ಕುಳಿತು, ತೊಟ್ಟ ಚರ್ಮದ ಅಂಗಿಯ ಅಂಚನ್ನು ಕಿಂಡಿಯ ಸುತ್ತ ಬಿಗಿದುಕೊಂಡನೆಂದರೆ ದೋಣಿಯೂ ದೇಹವೂ ಒಂದೇ ಆದಂತೆ. ಮಗುಚಿದರೂ ಹುಟ್ಟಿನ ಒಂದು ಬೀಸಿನಿಂದ ಮತ್ತೆ ಮೇಲೇಳುವ ವಿದ್ಯೆ ನುರಿತವನಿಗೆ ಕರಗತವಾಗಿತ್ತು. 1888ರಲ್ಲಿ ಗ್ರೀನ್‌ಲೆಂಡಿನ ಹಿಮರಾಶಿಯನ್ನು ದಾಟಿದ ನಾರ್ವೆಯ ಪರಿಶೋಧಕ ಫ್ರಿತ್ಯೋಫ್ ನಾನ್ಸೆನ್, ಆ ಚಳಿಗಾಲವನ್ನು ಅಲ್ಲಿಯೇ ಕಳೆದು ಕಯಾಕ್ ನಡೆಸುವುದನ್ನು ಕಲಿತನು.

ಇಂಥ ನುರಿತವನಿಗೇ ಆ ಪೀಡೆ ತಟ್ಟುತ್ತಿತ್ತು. ದಡದಿಂದ ದೂರದಲ್ಲಿ ಒಬ್ಬನೇ ಕುಳಿತು, ಸೀಲ್ ತಲೆಯೆತ್ತುವುದನ್ನು ಕಾಯುತ್ತಲೋ ಗಾಳದ ದಾರವನ್ನೇ ನೋಡುತ್ತಲೋ ಅವನು ಅಲುಗದೆ ಇರುವನು. ಸೂರ್ಯನ ಬೆಳಕು ನೀರಿನ ಮೇಲೆ ಬಿದ್ದು ಕಣ್ಣು ಕೋರೈಸುವುದು. ಮುಗಿಲು ಯಾವುದು, ಕಡಲು ಯಾವುದು ಎಂಬ ಗೆರೆಯೇ ಅಳಿಸಿಹೋಗುವುದು. ಇದ್ದಕ್ಕಿದ್ದಂತೆ ದೋಣಿ ಒಂದು ಕಡೆಗೆ ವಾಲಿದಂತೆ, ಒಳಗೆ ನೀರು ನುಗ್ಗಿ ಕಾಲುಗಳನ್ನು ತಣ್ಣಗಾಗಿಸಿದಂತೆ ಭಾಸವಾಗುವುದು. ಸೊಂಟದಿಂದ ಕೆಳಗೆ ಮೈ ಜೋಮುಗಟ್ಟುವುದು. ಎದೆ ಡವಡವನೆ ಬಡಿದುಕೊಳ್ಳುವುದು. ಬೆರಳು ಅಲುಗಿಸಿದರೂ ಮುಳುಗುವೆನೆಂಬ ಭೀತಿಯಿಂದ ಅವನು ಕಲ್ಲಾಗಿ ಕುಳಿತುಬಿಡುವನು. ಡೇನಿಷ್ ಜನ ಇದನ್ನು ‘ಕಯಾಕಿನ ತಲೆಸುತ್ತು’ ಎಂದು ಕರೆದರು.

ವಿಚಿತ್ರವೆಂದರೆ, ಎಲ್ಲಿಂದಲೋ ತಂಗಾಳಿಯೊಂದು ಬೀಸಿ ನೀರಿನ ಮೇಲೆ ಕಿರುತೆರೆ ಎದ್ದರೆ ಸಾಕು, ಅಥವಾ ಇನ್ನೊಂದು ಕಯಾಕ್ ಬಳಿಗೆ ಬಂದರೆ ಸಾಕು, ಆ ಭೂತ ಬಿಟ್ಟೋಡುತ್ತಿತ್ತು. ಆದರೆ ಒಮ್ಮೆ ಹೊಕ್ಕ ಭಯ ಅಷ್ಟಕ್ಕೇ ಬಿಡುವುದುಂಟೆ? ಮತ್ತೆ ಬಂದೀತೆಂಬ ಅಂಜಿಕೆ ಮನಸ್ಸನ್ನು ಕೊರೆಯುತ್ತಿತ್ತು. ಕೆಲವರು ದಡದ ಆಸುಪಾಸಿಗೆ ಮಾತ್ರ ಹೋಗತೊಡಗಿದರು. ಕೆಲವರು ಜೊತೆಯಿಲ್ಲದೆ ಹೊರಡಲೊಲ್ಲರು. ಇನ್ನು ಕೆಲವರು ಕಯಾಕನ್ನೇ ತ್ಯಜಿಸಿದರು. ಮಾಂಸ, ದೀಪಕ್ಕೆ ಎಣ್ಣೆ, ಉಡಲು ಚರ್ಮ ಎಲ್ಲವೂ ಕಡಲಿನಿಂದಲೇ ಬರಬೇಕಾಗಿದ್ದ ಆ ಸಂಸಾರಗಳಲ್ಲಿ, ಮನೆಯ ಯಜಮಾನ ದೋಣಿಯನ್ನು ದಡಕ್ಕೆಳೆದನೆಂದರೆ ಒಲೆಯೇ ಆರಿದಂತೆ. ಹೆಂಡತಿ ಮಕ್ಕಳು ನೆಂಟರಿಷ್ಟರ ಕೈ ನೋಡಬೇಕಾಗುತ್ತಿತ್ತು. ಈ ಪೀಡೆಗೆ ಒಳಗಾದವರು ಬೆರಳೆಣಿಕೆಯ ಮಂದಿಯಲ್ಲ. 20ನೆಯ ಶತಮಾನದ ಆದಿಯಲ್ಲಿ ಡೇನಿಷ್ ವೈದ್ಯ ಆಲ್ಫ್ರೆಡ್ ಬರ್ಟೆಲ್ಸನ್, ಪ್ರಾಯಕ್ಕೆ ಬಂದ ಗಂಡಸರಲ್ಲಿ ಸುಮಾರು ಹತ್ತರಲ್ಲೊಬ್ಬರನ್ನು ಇದು ಹಿಡಿದಿತ್ತೆಂದು ಅಂದಾಜು ಮಾಡಿದನು.

ಕಾರಣವೇನು? ಕಾಫಿ ಮತ್ತು ಹೊಗೆಸೊಪ್ಪಿನ ಅತಿಸೇವನೆಯೇ ಇದಕ್ಕೆ ಮೂಲವೆಂದು ಹಿಂದಿನ ಕೆಲವು ವೈದ್ಯರು ತೀರ್ಮಾನಿಸಿದ್ದರು. ಹಾಗೆ ತಪ್ಪೆಲ್ಲ ರೋಗಿಯ ತಲೆಯ ಮೇಲೆಯೇ ಬಿದ್ದಿತು! ಆದರೆ 1950ರ ದಶಕದಲ್ಲಿ ಬೇರೆ ಎರಡು ಕಡೆಗಳಿಂದ ಬೆಳಕು ಬಿದ್ದಿತು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಹೆಬ್ ಮತ್ತು ಸಂಗಡಿಗರು, ದೃಶ್ಯ, ಶಬ್ದ, ಸ್ಪರ್ಶಗಳನ್ನು ಆದಷ್ಟು ಕಡಿಮೆಮಾಡಿ ವಿದ್ಯಾರ್ಥಿಗಳನ್ನು ಕೋಣೆಯಲ್ಲಿ ಸುಮ್ಮನೆ ಮಲಗಿಸಿದರು. ಆರೋಗ್ಯವಂತ ತರುಣರ ಮನಸ್ಸೂ ಕಲಕಿಹೋಗಿ, ಇಲ್ಲದ ಆಕೃತಿಗಳು ಕಾಣತೊಡಗಿದವು. 1957ರಲ್ಲಿ ಕ್ಲಾರ್ಕ್ ಮತ್ತು ಗ್ರೇಬೀಲ್ ಎಂಬ ಅಮೇರಿಕಾದ ಸಂಶೋಧಕರು, ಬಹು ಎತ್ತರದಲ್ಲಿ ಒಬ್ಬಂಟಿಯಾಗಿ ಹಾರುವ ವಿಮಾನ ಚಾಲಕರಲ್ಲಿ ಕೆಲವರಿಗೆ ಭೂಮಿಯೊಡನೆ ಸಂಬಂಧವೇ ಕಡಿದುಹೋದಂತಹ ಅನುಭವವಾಗುವುದನ್ನು ವರದಿಮಾಡಿದರು. 1963ರಲ್ಲಿ ಜಕಾರಿ ಗಸ್ಸೋ ಎಂಬ ವಿದ್ವಾಂಸ ಕಯಾಕಿನ ಭಯವನ್ನೂ ಈ ಬೆಳಕಿನಲ್ಲಿಯೇ ವಿವರಿಸಿದನು. ಕಣ್ಣಿಗೆ ಆಧಾರವಾಗಿ ಒಂದು ಗುರುತಿಲ್ಲ; ಕಿವಿಗೆ ಸದ್ದಿಲ್ಲ; ಕೈಕಾಲಿಗೆ ಚಲನೆಯಿಲ್ಲ. ಹೊರಗಿನಿಂದ ವಾರ್ತೆ ಬಾರದಿದ್ದಾಗ ಮಿದುಳು ತಾನೇ ವಾರ್ತೆಯನ್ನು ಹುಟ್ಟಿಸಿಕೊಳ್ಳುವುದು. ಎಳ್ಳಷ್ಟು ಅಲುಗಾಟವನ್ನು ಮಗುಚಾಟವೆಂದೇ ಭ್ರಮಿಸುವುದು. ಮುಂದೆ ಕೆಲವು ಮನೋವೈದ್ಯರು, ಪೇಟೆಯ ಜನರನ್ನೂ ಕಾಡುವ ಹಠಾತ್ ಭೀತಿಯ ರೋಗಕ್ಕೆ ಇದನ್ನು ಹೋಲಿಸಿದರು.

ಹಾಗಾದರೆ ಅದು ಹೇಡಿತನವಲ್ಲ, ಶರೀರಧರ್ಮ. ಧೈರ್ಯ ಸಾಲದೆ ಬಂದ ಕಾಯಿಲೆಯಲ್ಲವಾದುದರಿಂದ ಧೈರ್ಯ ಹೇಳಿದ ಮಾತ್ರಕ್ಕೆ ಅದು ಗುಣವಾಗುವುದೂ ಇಲ್ಲ.

ಕಾಲಕ್ರಮದಲ್ಲಿ ಎಂಜಿನ್ ದೋಣಿಗಳು ಬಂದು ಜೀವನೋಪಾಯಕ್ಕಾಗಿ ಕಯಾಕ್ ಏರುವುದು ಬಹುಮಟ್ಟಿಗೆ ನಿಂತುಹೋಯಿತು. ಆ ಕಲೆ ಅಳಿಯಬಾರದೆಂದು 1985ರಲ್ಲಿ ಗ್ರೀನ್‌ಲೆಂಡಿನಲ್ಲಿ ಒಂದು ಸಂಘವೂ ಸ್ಥಾಪಿತವಾಯಿತು. ಆದರೆ ಆ ಬೆಸ್ತರು ಕಂಡುಕೊಂಡ ಮದ್ದು ಇಂದಿಗೂ ಹಳತಾಗಿಲ್ಲ. ಭಯಗ್ರಸ್ತನಾದವನ ಬಳಿಗೆ ಇನ್ನೊಬ್ಬನು ಕಯಾಕ್ ತಂದು, ಪಕ್ಕಕ್ಕೆ ಪಕ್ಕ ಸೇರಿಸಿ, ಅವನನ್ನು ದಡದವರೆಗೆ ಕರೆತರುತ್ತಿದ್ದನು. ಬೈಗುಳವಿಲ್ಲ, ಹಂಗಿಸುವ ಮಾತಿಲ್ಲ. ಮಗ್ಗುಲಲ್ಲಿ ಒಂದು ಜೀವ ಇದೆಯೆಂಬ ಅರಿವು ಮಾತ್ರ. ಅದಕ್ಕಿಂತ ದೊಡ್ಡ ಔಷಧವನ್ನು ಆ ಕಡಲು ಕಂಡಿರಲಿಲ್ಲ.