ತಟ್ಟೆಗೆ ಇಳಿಯದ ದನಿ

ಮೈಸೂರಿನ ಯಾದವಗಿರಿಗೂ ದನಿಗೂ ಇರುವ ನಂಟು ಹಳೆಯದು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪುಟ್ಟದೊಂದು ಪ್ರಸಾರಯಂತ್ರವನ್ನಿಟ್ಟು ಆರಂಭಿಸಿದ ಬಾನುಲಿಯು 'ಆಕಾಶವಾಣಿ'ಯೆಂಬ ಹೆಸರನ್ನು ಹೊತ್ತು, ಮುಂದೆ ಯಾದವಗಿರಿಯಲ್ಲಿ ನೆಲೆಸಿತು. ಗಾಳಿಗೆ ಸೇರಿಹೋಗುವ ಮಾತನ್ನೂ ಹಾಡನ್ನೂ ಹಿಡಿದಿಡಬೇಕೆಂಬ ಹಂಬಲವೇನೋ ಬಾನುಲಿ ನಿಲಯಗಳಿಗಷ್ಟೇ ಮೀಸಲಾದುದಲ್ಲ. ಎಷ್ಟೋ ಮನೆಗಳ ಬೀರುಗಳಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ, ಹಳೆಯ ಕ್ಯಾಸೆಟ್ಟೊಂದರ ರೂಪದಲ್ಲಿ ಅದು ಅಡಗಿ ಕುಳಿತಿರುತ್ತದೆ.

ಅಂಥ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಮನೆಯ ಯಜಮಾನರಾದ ರಾಯರು ನಿವೃತ್ತರು. ಅವರ ತಾಯಿ ಹಾಡಿದ ಹಸೆಯ ಹಾಡು, ಆರತಿಯ ಹಾಡು, ಬೀಗರ ಹಾಡುಗಳ ಒಂದು ಕ್ಯಾಸೆಟ್ಟು ಅವರ ಬಳಿ ಉಂಟು. ತಾಯಿ ತೀರಿಕೊಂಡು ಬಹಳ ವರ್ಷಗಳಾದುವು. ಬರುವ ತಿಂಗಳು ಮೊಮ್ಮಗಳ ಮದುವೆ. ಮದುವೆಗೆ ರಾಯರ ಅಕ್ಕ ಮೇಲುಕೋಟೆಯಿಂದ ಬರುವವರಿದ್ದಾರೆ. ಎಂಬತ್ತು ದಾಟಿದ ಆ ಹಿರಿಯರಿಗೆ ಮೊಬೈಲು ಒಗ್ಗದು. ಆದರೆ ಅವರ ಮನೆಯಲ್ಲಿ ಸಿ.ಡಿ. ನುಡಿಸುವ ಒಂದು ಹಳೆಯ ಪೆಟ್ಟಿಗೆಯಿದೆ. ತಟ್ಟೆಯನ್ನಿಟ್ಟು ಗುಂಡಿಯೊತ್ತಿದರೆ ಸಾಕೆಂಬುದು ಅವರಿಗೆ ತಿಳಿದಿದೆ. ಅಮ್ಮನ ಹಾಡುಗಳನ್ನು ಒಂದು ಸಿ.ಡಿ.ಗೆ ಇಳಿಸಿ ಅಕ್ಕನ ಕೈಯಲ್ಲಿಡಬೇಕೆಂದು ರಾಯರು ಸಂಕಲ್ಪಿಸಿದರು. ಟೇಪ್‌ರೆಕಾರ್ಡರಿನಿಂದ ಕಂಪ್ಯೂಟರಿಗೆ ತಂತಿ ಜೋಡಿಸಿ ಹಾಡುಗಳನ್ನು ತುಂಬಿಕೊಂಡದ್ದೂ ಆಯಿತು. ಆಮೇಲೆ ಆರಂಭವಾಯಿತು ತೊಂದರೆ. ಒಂದರ ಹಿಂದೊಂದರಂತೆ ನಾಲ್ಕು ತಟ್ಟೆಗಳು ಕೆಟ್ಟುವು.

ಬೇಸತ್ತ ರಾಯರು ನಾಲ್ಕನ್ನೂ ಕಸದ ಬುಟ್ಟಿಗೆ ಹಾಕಹೊರಟಾಗ ಸೊಸೆ ತಡೆದಳು.

"ಬಿಸಾಡಬೇಡಿ ಮಾವ. ಎಲ್ಲಿ ಕೆಟ್ಟಿತು ಅನ್ನೋದನ್ನ ಆ ತಟ್ಟೆಗಳೇ ಹೇಳುತ್ತವೆ."

ಆಕೆ ನಾಲ್ಕನ್ನೂ ಊಟದ ಮೇಜಿನ ಮೇಲೆ ಸಾಲಾಗಿ, ಹೊಳೆಯುವ ಮುಖ ಮೇಲಾಗುವಂತೆ, ದೀಪದ ಕೆಳಗೆ ಇಟ್ಟಳು.

ಆಕೆಯ ಮಾತು ಅರ್ಥವಾಗಬೇಕಾದರೆ ಈ ತಟ್ಟೆಯ ರಚನೆಯನ್ನು ಅರಿಯಬೇಕು. ಬರೆಯಲು ಬರುವ ಸಿ.ಡಿ.ಯು 120 ಮಿಲಿಮೀಟರು ಅಡ್ಡಳತೆಯ, 1.2 ಮಿಲಿಮೀಟರು ದಪ್ಪದ ಪಾರದರ್ಶಕ ಪ್ಲಾಸ್ಟಿಕ್ಕಿನ ಬಿಲ್ಲೆ. ಅದರಲ್ಲಿ ಸುರುಳಿಯಾಕಾರದ ಸೂಕ್ಷ್ಮವಾದ ಗಾಡಿಜಾಡೊಂದು ಮೊದಲೇ ಅಚ್ಚಾಗಿರುತ್ತದೆ. ಒಂದು ಸುತ್ತಿಗೂ ಮತ್ತೊಂದಕ್ಕೂ ನಡುವೆ ಇರುವ ಅಂತರ ಒಂದು ಮಿಲಿಮೀಟರಿನ ಸಾವಿರದಲ್ಲಿ 1.6 ಪಾಲು ಮಾತ್ರ. ಇದರ ಮೇಲೆ ಬಣ್ಣದ ಒಂದು ಪದರ, ಅದರ ಮೇಲೆ ಕನ್ನಡಿಯಂತೆ ಹೊಳೆಯುವ ಲೋಹದ ಪದರ, ಎಲ್ಲಕ್ಕೂ ಮೇಲೆ ತೆಳುವಾದ ಮೆರುಗೆಣ್ಣೆಯ ಲೇಪ. ಕಂಪ್ಯೂಟರಿನ ಲೇಸರ್ ಕಿರಣವು ಬಣ್ಣದ ಪದರವನ್ನು ಚುಕ್ಕೆಚುಕ್ಕೆಯಾಗಿ ಕಾಯಿಸಿ ಗುರುತು ಮಾಡುತ್ತದೆ. ತಟ್ಟೆಯನ್ನು 'ಸುಡುವುದು' ಎಂಬ ಮಾತು ಬಂದುದು ಇದರಿಂದಲೇ. ಗ್ರಾಮಫೋನಿನ ಮುಳ್ಳು ಅಂಚಿನಿಂದ ಹೊರಟು ನಡುವಿನ ಕಡೆಗೆ ಸಾಗುತ್ತಿತ್ತು, ಸಿ.ಡಿ.ಯಲ್ಲಿ ಬರೆವಣಿಗೆ ನಡುವಿನಿಂದ ಹೊರಟು ಅಂಚಿನ ಕಡೆಗೆ ಸಾಗುತ್ತದೆ. ಸುಟ್ಟ ಭಾಗದ ಛಾಯೆ ಸುಡದ ಭಾಗದ ಛಾಯೆಗಿಂತ ತುಸು ಬೇರೆಯಾಗಿ ಬರಿಗಣ್ಣಿಗೂ ಕಾಣುತ್ತದೆ. ಆದುದರಿಂದ ಕೆಲಸ ಎಷ್ಟು ದೂರ ನಡೆದು ನಿಂತಿತೆಂಬುದನ್ನು ತಟ್ಟೆಯನ್ನು ನೋಡಿಯೇ ಹೇಳಬಹುದು. ನಾಡಿ ಹಿಡಿದು ರೋಗವನ್ನು ಅರಿಯುವ ವೈದ್ಯನಿಗೆ ಆ ನಾಡಿ ಹೇಗೋ, ಕೆಟ್ಟ ತಟ್ಟೆಯನ್ನು ಪರೀಕ್ಷಿಸುವವರಿಗೆ ಈ ಛಾಯೆಯ ಉಂಗುರ ಹಾಗೆ.

ಮೊದಲನೆಯ ತಟ್ಟೆಯಲ್ಲಿ ಉಂಗುರವೇ ಕಾಣಲಿಲ್ಲ. ಕೆಲಸ ಆರಂಭದಲ್ಲಿಯೇ ನಿಂತಿತ್ತು. ಸುಡುವ ಮೊದಲು ಯಂತ್ರವು ತಟ್ಟೆಯ ಒಳಅಂಚಿನ ಸಣ್ಣ ಜಾಗದಲ್ಲಿ ಲೇಸರಿನ ಬಲವನ್ನು ಪರೀಕ್ಷಿಸಿಕೊಳ್ಳುತ್ತದೆ. ದೋಸೆ ಹುಯ್ಯುವವರು ಕಾವಲಿಗೆ ಮೊದಲು ನಾಲ್ಕು ಹನಿ ನೀರು ಚಿಮುಕಿಸಿ ಕಾವು ನೋಡುವಂತೆ. ತಟ್ಟೆಯನ್ನು ಮಾಡಿದವರು ಯಾರು, ಯಾವ ವೇಗ ಅದಕ್ಕೆ ತಕ್ಕುದು ಎಂಬ ಸಂಕೇತವೂ ಆ ಜಾಡಿನಲ್ಲಿಯೇ ಅಡಗಿರುತ್ತದೆ. ಹಳೆಯ ಯಂತ್ರಕ್ಕೆ ಹೊಸ ತಯಾರಿಕೆಯ ಅಗ್ಗದ ತಟ್ಟೆಯ ಪರಿಚಯವಿಲ್ಲದಿದ್ದರೆ, ಇಲ್ಲವೆ ಲೇಸರಿನ ಮುಂದಿರುವ ಮಸೂರದ ಮೇಲೆ ಧೂಳು ಕುಳಿತಿದ್ದರೆ, ಈ ಪರೀಕ್ಷೆಯಲ್ಲಿಯೇ ಸೋಲುಂಟು. ಸೊಸೆ ಕ್ಯಾಮೆರಾದ ಚೀಲದಲ್ಲಿದ್ದ ರಬ್ಬರಿನ ಬ್ಲೋಯರನ್ನು ತಂದು ಮಸೂರದ ಧೂಳನ್ನು ಹಾರಿಸಿದಳು. ಒದ್ದೆ ಬಟ್ಟೆಯನ್ನಾಗಲಿ ಬೆರಳನ್ನಾಗಲಿ ಅಲ್ಲಿಗೆ ತಾಗಿಸುವುದು ಸಲ್ಲದು. ತಟ್ಟೆಗಳನ್ನೂ ಬದಲಾಯಿಸಿ ಬೇರೆ ತಯಾರಕರವನ್ನು ತರಿಸಲಾಯಿತು. ಒಂದೇ ಕಟ್ಟಿನ ತಟ್ಟೆಗಳು ಒಂದಾದ ಮೇಲೊಂದು ಮೊದಲಲ್ಲಿಯೇ ಕೆಟ್ಟರೆ ಕಂಪ್ಯೂಟರನ್ನು ಬಯ್ಯುವ ಮುನ್ನ ಕಟ್ಟನ್ನು ಬದಲಿಸಿ ನೋಡುವುದು ಜಾಣತನ.

ಎರಡನೆಯದರಲ್ಲಿ ಉಂಗುರ ನಡುದಾರಿಯವರೆಗೆ ಬಂದು ತಟಕ್ಕನೆ ನಿಂತಿತ್ತು. ಲೇಸರ್ ಓಡುತ್ತಿರುವಾಗ ಕಂಪ್ಯೂಟರು ಅದಕ್ಕೆ ಬೇಕಾದ ಸರಕನ್ನು ಬಿಡದೆ ಒದಗಿಸುತ್ತಿರಬೇಕು. ಒಂದರ ವೇಗವೆಂದರೆ ಸೆಕೆಂಡಿಗೆ 150 ಕಿಲೊಬೈಟು; 52ರ ವೇಗವೆಂದರೆ ಅದರ ಐವತ್ತೆರಡರಷ್ಟು. ಆ ವೇಗದಲ್ಲಿ ತಟ್ಟೆ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುತ್ತದೆ. ಸರಕು ಒಂದು ಕ್ಷಣ ತಡವಾದರೂ ಹಿಂದಿನ ಯಂತ್ರಗಳಲ್ಲಿ ತಟ್ಟೆ ಹಾಳಾಗುತ್ತಿತ್ತು. 2000ದ ಈಚಿನ ಯಂತ್ರಗಳು ಹೀಗಾದಾಗ ನಿಂತು, ನಿಂತಲ್ಲಿಂದಲೇ ಮುಂದುವರಿಯುವುದನ್ನು ಕಲಿತಿವೆ. ಆದರೂ ಅವುಗಳ ಸಹನೆಗೂ ಮಿತಿಯುಂಟು. ರಾಯರು ಹಾಡುಗಳನ್ನು ಪೆನ್‌ಡ್ರೈವಿನಲ್ಲಿಯೇ ಇಟ್ಟುಕೊಂಡು, ವೇಗವನ್ನು ಮೇಲಕ್ಕೇರಿಸಿ, ಜೊತೆಗೆ ಅದೇ ಕಂಪ್ಯೂಟರಿನಲ್ಲಿ ಹಳೆಯ ಚಲಚ್ಚಿತ್ರವೊಂದನ್ನು ನೋಡುತ್ತ ಕುಳಿತಿದ್ದರು. ಪರಿಹಾರ ಸುಲಭ: ಹಾಡುಗಳನ್ನು ಮೊದಲು ಕಂಪ್ಯೂಟರಿನ ಒಳಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು, ಅಲ್ಲಿ ಖಾಲಿ ಜಾಗ ಸಾಕಷ್ಟಿರಬೇಕು, ಬೇರೆ ಕೆಲಸಗಳನ್ನು ನಿಲ್ಲಿಸಬೇಕು, ವೇಗವನ್ನು 16ಕ್ಕೆ ಇಳಿಸಬೇಕು. ಲ್ಯಾಪ್‌ಟಾಪಿಗೆ ಹೊರಗಿನಿಂದ ಸಿಕ್ಕಿಸುವ ಯಂತ್ರವಾದರೆ ಅದನ್ನು ನೇರವಾಗಿ ಸಿಕ್ಕಿಸಬೇಕು. ಹಲವು ಸಾಧನಗಳು ಹಂಚಿಕೊಳ್ಳುವ ಕವಲುಪೆಟ್ಟಿಗೆಯ ಮೂಲಕ ಬಂದ ವಿದ್ಯುತ್ತು ಲೇಸರಿಗೆ ಸಾಲದೆ ಹೋಗಬಹುದು.

ಮೂರನೆಯ ತಟ್ಟೆಯಲ್ಲಿ ಉಂಗುರ ಪೂರ್ತಿಯಾಗಿಯೇ ಇತ್ತು. ಆದರೂ ಯಾವ ಪೆಟ್ಟಿಗೆಯೂ ಅದನ್ನು ಓದಲೊಲ್ಲದು. ಸೊಸೆ ಕೇಳಿದಳು:

"ಕೊನೆಯಲ್ಲಿ ಏನಾದರೂ ನಿಲ್ಲಿಸಿದಿರಾ ಮಾವ?"

ರಾಯರು ಸಂಕೋಚದಿಂದ ಒಪ್ಪಿಕೊಂಡರು. ಪರದೆಯ ಮೇಲೆ ನೂರಕ್ಕೆ ನೂರು ಎಂದು ಬಂದಿತ್ತು. ಎರಡು ನಿಮಿಷ ಕಳೆದರೂ ಬಾಗಿಲು ತೆರೆಯಲಿಲ್ಲ. ಕೆಲಸ ಮುಗಿದಿದೆಯೆಂದು ಭಾವಿಸಿ ಅವರೇ ಗುಂಡಿಯೊತ್ತಿ ತೆರೆಸಿದ್ದರು. ಹಾಡುಗಳೆಲ್ಲ ಸುಟ್ಟಾದ ಮೇಲೆ ಯಾವ ಹಾಡು ಎಲ್ಲಿದೆಯೆಂಬ ವಿಷಯಾನುಕ್ರಮಣಿಕೆಯನ್ನು ಯಂತ್ರವು ಬರೆದು ಮುಗಿಸಬೇಕು. ಇದೇ ಮುಕ್ತಾಯದ ವಿಧಿ. ಅದಿಲ್ಲದ ತಟ್ಟೆ ಪುಟಸಂಖ್ಯೆಯೂ ಪರಿವಿಡಿಯೂ ಇಲ್ಲದ ಗ್ರಂಥದಂತೆ, ಇದ್ದದ್ದೂ ಸಿಕ್ಕದು. ಈ ಹೊತ್ತಿನಲ್ಲಿ ತಾಳ್ಮೆಯೊಂದೇ ಮದ್ದು.

ನಾಲ್ಕನೆಯದು ಎಲ್ಲಕ್ಕಿಂತ ಸೋಜಿಗದ್ದು. ಕಂಪ್ಯೂಟರಿನಲ್ಲಿ ಅದು ಸೊಗಸಾಗಿ ಹಾಡುತ್ತಿತ್ತು. ಹಳೆಯ ಪೆಟ್ಟಿಗೆಯಲ್ಲಿ ಮೂಕವಾಗಿತ್ತು. ಇಲ್ಲಿ ಕೆಟ್ಟುದು ಏನೂ ಇಲ್ಲ, ತಪ್ಪಿದ್ದು ಆಯ್ಕೆ. ರಾಯರು ಹಾಡುಗಳನ್ನು ಎಂ.ಪಿ.3 ಕಡತಗಳಾಗಿ ತಟ್ಟೆಗೆ ತುಂಬಿದ್ದರು. 1982ರಲ್ಲಿ ಮಾರುಕಟ್ಟೆಗೆ ಬಂದ ಸಂಗೀತದ ಸಿ.ಡಿ.ಯ ಭಾಷೆಯೇ ಬೇರೆ. ಅದರಲ್ಲಿ ಪ್ರತಿ ಸೆಕೆಂಡಿನ ದನಿಯನ್ನು 44,100 ಬಾರಿ ಅಳೆದು ಬರೆದಿರುತ್ತಾರೆ. ಹಳೆಯ ಪೆಟ್ಟಿಗೆಗಳಿಗೆ ಆ ಭಾಷೆಯೊಂದೇ ಗೊತ್ತು. ಸುಡುವಾಗ 'ಆಡಿಯೊ ಸಿ.ಡಿ.' ಎಂಬುದನ್ನು ಆರಿಸಿಕೊಂಡರೆ ತಂತ್ರಾಂಶವು ತಾನೇ ಹಾಡುಗಳನ್ನು ಆ ಭಾಷೆಗೆ ತಿರುಗಿಸುತ್ತದೆ. ಆಗ ಸಾಧಾರಣ ತಟ್ಟೆಯಲ್ಲಿ 80 ನಿಮಿಷಕ್ಕಿಂತ ಹೆಚ್ಚು ಹಿಡಿಸದು.

ಇಷ್ಟನ್ನೂ ಸರಿಪಡಿಸಿಕೊಂಡು ಐದನೆಯ ತಟ್ಟೆಯನ್ನು ಸುಟ್ಟರು. ಕೊನೆಗೆ ಯಂತ್ರವು ತಾನೇ ಓದಿ, ತಾಳೆ ನೋಡಿ, ಎಲ್ಲವೂ ಸರಿಯಾಗಿದೆಯೆಂದು ಪರದೆಯ ಮೇಲೆ ಬರೆಯಿತು. ಪೆಟ್ಟಿಗೆಯಲ್ಲಿಯೂ ಹಾಡು ಕೇಳಿಸಿತು. ರಾಯರಿಗೆ ಬಹಳ ಸಂತೋಷವಾಯಿತು. ಹೊರಕವಚ ಬಿರಿದಿದ್ದ ಹಳೆಯ ಕ್ಯಾಸೆಟ್ಟನ್ನು ರದ್ದಿಯವನಿಗೆ ಕೊಡುವ ಸಾಮಾನುಗಳ ಜೊತೆಗೆ ಇಟ್ಟುಬಿಟ್ಟರು.

ಮದುವೆಗೆ ಮೂರು ದಿನವಿರುವಾಗ ಅಕ್ಕ ಬಂದರು. ಅಂದು ಸಂಜೆ ದೀಪ ಹಚ್ಚಿದ ಮೇಲೆ ತಟ್ಟೆಯನ್ನು ಹಾಕಿದರು. ಅಕ್ಕ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಕೇಳುತ್ತಿದ್ದರು. ಮೂರನೆಯ ಹಾಡಿನಲ್ಲಿ ಬೆರಳು ನಿಂತಿತು.

"ಒಂದು ನುಡಿ ಬಿಟ್ಟುಹೋಗಿದೆ ಕಣೋ."

"ಅಮ್ಮನೇ ಮರೆತು ಬಿಟ್ಟಿರಬೇಕು ಅಕ್ಕಾ."

"ಅಮ್ಮ ಆ ನುಡಿ ಬಿಡೋಳೇ ಅಲ್ಲ. ಅದರಲ್ಲೇ ಅಲ್ಲವೇನೋ ಮದುಮಗಳ ಹೆಸರು ಸೇರಿಸಿ ಹಾಡ್ತಿದ್ದದ್ದು. ಅವತ್ತು ನನ್ನ ಮಗಳ ಹೆಸರು ಹಾಡಿದಳು."

ರಾಯರಿಗೆ ಆಗ ನೆನಪಾಯಿತು. ಕಂಪ್ಯೂಟರಿಗೆ ತುಂಬಿಕೊಳ್ಳುವಾಗ ಆ ಹಾಡಿನ ನಡುವೆ ಟೇಪು ಸುತ್ತಿಕೊಂಡಿತ್ತು. ಕ್ಯಾಸೆಟ್ಟನ್ನು ಹೊರತೆಗೆದು, ಪೆನ್ಸಿಲು ತೂರಿಸಿ ಸುತ್ತಿ, ಮತ್ತೆ ಹಾಕಿದ್ದರು. ಸುತ್ತಿದ್ದು ತುಸು ಹೆಚ್ಚಾಯಿತು. ಅಷ್ಟು ಹಾಡು ಕಂಪ್ಯೂಟರಿಗೆ ಬರಲೇ ಇಲ್ಲ. ತಟ್ಟೆಯಲ್ಲಿ ದೋಷವಿರಲಿಲ್ಲ. ದೋಷವಿದ್ದ ಪ್ರತಿಯನ್ನೇ ಅದು ನಿಷ್ಠೆಯಿಂದ ಇಳಿಸಿಕೊಂಡಿತ್ತು.

ಸೊಸೆ ಹಿತ್ತಿಲಿಗೆ ಓಡಿದಳು. ಪುಣ್ಯವಶಾತ್ ರದ್ದಿಯವನು ಇನ್ನೂ ಬಂದಿರಲಿಲ್ಲ.

ಮನೆಯಲ್ಲಿ ತಟ್ಟೆ ಸುಡುವವರೆಲ್ಲರೂ ಮನಗಾಣಬೇಕಾದ ಸಂಗತಿ ಇಲ್ಲಿದೆ. ಸುಡುವಾಗಲೇ ಕೆಟ್ಟ ತಟ್ಟೆಯಿಂದ ಆಗುವ ನಷ್ಟ ಅಲ್ಪ. ತಾನು ಕೆಟ್ಟೆನೆಂದು ಅದು ಹೇಳಿಯೇ ಕೆಡುತ್ತದೆ. ಸರಿಯಾಗಿದೆಯೆಂದು ನಂಬಿ ಯಾರೂ ಪೂರ್ತಿ ಕೇಳದೆ ಇಟ್ಟ ತಟ್ಟೆಯಿಂದಲೇ ದೊಡ್ಡ ನಷ್ಟ. ಯಂತ್ರದ ಪರೀಕ್ಷೆಯು ತಟ್ಟೆಗೂ ಕಂಪ್ಯೂಟರಿನ ಕಡತಕ್ಕೂ ಹೊಂದಿಕೆಯುಂಟೇ ಎಂದಷ್ಟೇ ನೋಡುತ್ತದೆ. ಕಡತಕ್ಕೂ ಅಮ್ಮನ ಹಾಡಿಗೂ ಹೊಂದಿಕೆಯುಂಟೇ ಎಂಬುದನ್ನು ಆ ಹಾಡನ್ನು ಬಲ್ಲ ಕಿವಿಯೇ ಹೇಳಬೇಕು. ಅಂಥ ಕಿವಿಗಳು ಮನೆಯಲ್ಲಿರುವಾಗಲೇ ಈ ಕೆಲಸ ಮುಗಿಯಬೇಕು.

ಮೈಸೂರಿಗೆ ಈ ವಿವೇಕ ಹೊಸದಲ್ಲ. 1940ರ ದಶಕದ ಕೊನೆಯಲ್ಲಿ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಮುಪ್ಪು ಕಾಯಿಲೆಗಳಿಂದ ಬಳಲುತ್ತಿದ್ದಾಗ, ಜಯಚಾಮರಾಜ ಒಡೆಯರು ಧನಸಹಾಯವಿತ್ತು ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಗ್ರಾಮಫೋನ್ ತಟ್ಟೆಗಳಿಗೆ ಇಳಿಸುವ ಏರ್ಪಾಟು ಮಾಡಿದರು. ಮೆಟ್ನರ್ 1951ರಲ್ಲಿ ತೀರಿಕೊಂಡರು. ಅವರ ಬೆರಳುಗಳ ನಾದ ಇಂದಿಗೂ ಕೇಳಸಿಗುತ್ತದೆ.

ತಟ್ಟೆ ಸರಿಯಾಗಿ ಬಂದ ಮೇಲೂ ಕೆಲವು ಎಚ್ಚರಿಕೆಗಳು ಅವಶ್ಯ. ಸಿ.ಡಿ.ಯ ಹೊಳೆಯುವ ಅಡಿಭಾಗದ ಸಣ್ಣ ಗೀರನ್ನು ಯಂತ್ರವು ಬಹುಮಟ್ಟಿಗೆ ತಾನೇ ಸರಿದೂಗಿಸಿಕೊಳ್ಳುತ್ತದೆ. ರೀಡ್ ಮತ್ತು ಸಾಲೊಮನ್ ಎಂಬ ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ಉಪಾಯದ ಬಲವಿದು. ಆದರೆ ಹೆಸರು ಬರೆಯುವ ಮೇಲ್ಭಾಗದಲ್ಲಿ ಬಣ್ಣ ಮತ್ತು ಲೋಹದ ಪದರಗಳಿಗೆ ಮೆರುಗೆಣ್ಣೆಯ ತೆಳುಲೇಪವೊಂದೇ ರಕ್ಷೆ. ಅಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಬರೆದಷ್ಟು ಹಾಡು ಹೋದಂತೆಯೇ. ಮೆತ್ತನೆಯ ಮೊನೆಯ, ನೀರಿನ ಶಾಯಿಯ ಪೆನ್ನು ಉತ್ತಮ. ಕಾಗದದ ಚೀಟಿ ಅಂಟಿಸಬಾರದು. ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಬಿಸಿಲು ಬೀಳುವ ಕಿಟಕಿ, ಕಾದ ಕಾರು, ಹಂಚಿನಡಿಯ ಅಟ್ಟ ಇವೆಲ್ಲ ಬಣ್ಣದ ಪದರಕ್ಕೆ ವೈರಿಗಳು. ಹೀಗೆ ಜೋಪಾನ ಮಾಡಿದರೂ ಕೆಲವು ತಟ್ಟೆಗಳು ದಶಕಗಳ ಕಾಲ ಬಾಳುತ್ತವೆ, ಕೆಲವು ಕೆಲವೇ ವರ್ಷಗಳಲ್ಲಿ ಮಂಕಾಗುತ್ತವೆ. ಆದಕಾರಣ ಒಂದು ಪ್ರತಿ ತಟ್ಟೆಯಲ್ಲಿ, ಒಂದು ಕಂಪ್ಯೂಟರಿನಲ್ಲಿ, ಇನ್ನೊಂದು ನೆಂಟರ ಮನೆಯಲ್ಲಿ ಇರಲಿ, ಮೂಲವಂತೂ ಇರಲೇಬೇಕು.

ರಾಯರ ಮನೆಯಲ್ಲಿ ಅಂದು ರಾತ್ರಿ ಕ್ಯಾಸೆಟ್ಟನ್ನು ಮತ್ತೆ ಮೊದಲಿನಿಂದ ಓಡಿಸಿದರು. ಅಕ್ಕ ಪಕ್ಕದಲ್ಲಿಯೇ ಕುಳಿತರು. ಬಿಟ್ಟುಹೋಗಿದ್ದ ನುಡಿ ಬಂದಾಗ, ಅಮ್ಮನ ದನಿಯಲ್ಲಿ ಆ ಹಿಂದಿನ ಮದುಮಗಳ ಹೆಸರು ಕೇಳಿಸಿತು. ಆರನೆಯ ತಟ್ಟೆಯನ್ನು ಮರುದಿನ ಸುಟ್ಟರು. ಮೂರನೆಯ ದಿನ ಹಸೆಯ ಮುಂದೆ ಅಕ್ಕನೇ ಆ ಹಾಡನ್ನು ಹಾಡಿದರು, ಈ ಮದುಮಗಳ ಹೆಸರು ಸೇರಿಸಿ. ಸೊಸೆ ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡಳು. ಮದುವೆ ಮುಗಿದು ಮನೆಗೆ ಬಂದವಳು ಒಡವೆಯನ್ನು ಕಳಚುವ ಮೊದಲೇ, ಕುಳಿತು, ಅದನ್ನು ಕೊನೆಯವರೆಗೆ ಕೇಳಿ ನೋಡಿದಳು.