ಕೊಡ ‘ಢಣ್’ ಅಂದರೆ ಅದೂ ಕನ್ನಡವೇ!

ಕನ್ನಡದ ಯುವಕ ಯುವತಿಯರೇ, ಪಿಕಾಚು ನಿಮಗೆ ಗೊತ್ತು. ಟಿವಿಯಲ್ಲಿ ನೋಡಿದ್ದೀರಿ, ಅಂಗಿಯ ಮೇಲೂ ತೊಟ್ಟಿದ್ದೀರಿ. ಆ ಹೆಸರಿನ ಅರ್ಥ ಗೊತ್ತೆ? ಜಪಾನಿಯಲ್ಲಿ ‘ಪಿಕಾ’ ಎಂದರೆ ಫಳಕ್ಕನೆ ಹೊಳೆಯುವುದು. ‘ಚೂ’ ಎಂದರೆ ಇಲಿಯ ಚಿಂವ್‌ಚಿಂವ್. ಅಷ್ಟೇ! 1996ರಲ್ಲಿ ಜಪಾನಿನವರು ತಮ್ಮ ಮನೆಮಾತಿನ ಎರಡು ಸಪ್ಪಳಗಳನ್ನು ಕೂಡಿಸಿ ಒಂದು ಹೆಸರು ಮಾಡಿದರು. ಇಡೀ ಜಗತ್ತು ಅದನ್ನು ಬಾಯಿಪಾಠ ಮಾಡಿತು. ಯಾರೂ ಅದನ್ನು ‘ಗ್ರಾಮ್ಯ’ ಅನ್ನಲಿಲ್ಲ.

ಜಪಾನಿಯರಿಗೆ ವಸ್ತುಗಳ ಸದ್ದೆಲ್ಲ ಪದವೇ. ಗಡಿಯಾರ ‘ಕಚಿ ಕಚಿ’, ಅಲುಗಾಡುವ ಕಿಟಕಿ ‘ಗತ ಗತ’. ಸಣ್ಣ ಗೋಲಿ ಉರುಳಿದರೆ ‘ಕೊರೊ ಕೊರೊ’, ದೊಡ್ಡ ಬಂಡೆ ಉರುಳಿದರೆ ‘ಗೊರೊ ಗೊರೊ’. ಅಕ್ಷರ ಗಡುಸಾದರೆ ವಸ್ತು ದೊಡ್ಡದು! ಏನು ಚಂದದ ಲೆಕ್ಕ ಎಂದು ಬೆರಗಾಗುತ್ತೀರಾ? ನಿಮ್ಮ ಮನೆಯಲ್ಲೂ ಅದೇ ಲೆಕ್ಕ ಇದೆ. ಸೈಕಲ್ ಗಂಟೆ ‘ಟಿಣ್ ಟಿಣ್’, ಗುಡಿಯ ಗಂಟೆ ‘ಢಣ್ ಢಣ್’. ಒಂದು ಹನಿ ಬಿದ್ದರೆ ‘ಟಪ್’, ಬೀಳುತ್ತಲೇ ಇದ್ದರೆ ‘ಟಪಟಪ’. ಸಾಸಿವೆ ‘ಚಟಪಟ’, ಹಳೇ ಬಾಗಿಲು ‘ಕಿರ್ರ್’, ಹೊಸ ಬಟ್ಟೆ ಹರಿದರೆ ‘ಪರ್ರ್’, ರೊಟ್ಟಿ ಬಡಿದರೆ ‘ತಪ್ ತಪ್’. ನಮ್ಮಲ್ಲಿ ಮನುಷ್ಯ ಮಾತ್ರ ಅನ್ನುವುದಿಲ್ಲ, ಕೊಡವೂ ‘ಢಣ್ ಅಂತು’ ಅನ್ನುತ್ತೇವೆ. ಮನುಷ್ಯನಿಗೂ ಕೊಡಕ್ಕೂ ಒಂದೇ ಕ್ರಿಯಾಪದ!

ಸದ್ದೇ ಇಲ್ಲದ್ದಕ್ಕೂ ಜಪಾನಿಯರಲ್ಲಿ ಒಂದು ಸದ್ದಿದೆ. ನೀರವ ಮೌನಕ್ಕೆ ‘ಶೀನ್’ ಅನ್ನುತ್ತಾರೆ. ನಮ್ಮಲ್ಲಿ ಊರು ‘ಬಿಕೋ’ ಅನ್ನುತ್ತದೆ, ಮನೆ ‘ಭಣಭಣ’ ಅನ್ನುತ್ತದೆ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ರಸ್ತೆಗೆ ಬಂದು ನಿಲ್ಲಿ. ಆ ಬಿಸಿಲಿಗೆ ‘ರಣರಣ’ ಅಲ್ಲದೆ ಬೇರೆ ಪದ ಹುಡುಕಿ ನೋಡೋಣ!

ಇಷ್ಟೆಲ್ಲ ಇದ್ದೂ ನಾವು ಮಾಡಿದ್ದೇನು? ಶಾಲೆಯಲ್ಲಿ ‘ಅನುಕರಣಾವ್ಯಯ’ ಎಂಬ ಹೆಸರಿಟ್ಟು ಒಂದು ಅಂಕದ ಪ್ರಶ್ನೆ ಮಾಡಿದೆವು. ಅದೇ ಪದವನ್ನು ಮಗು ಪ್ರಬಂಧದಲ್ಲಿ ಬರೆದರೆ ಕೆಂಪು ಶಾಯಿಯ ಗೆರೆ ಎಳೆದೆವು. ಹದಿಮೂರನೇ ಶತಮಾನದ ಕೇಶಿರಾಜನಿಗೆ ಇವು ಅಸಹ್ಯ ಎನಿಸಲಿಲ್ಲ, ‘ಶಬ್ದಮಣಿದರ್ಪಣ’ದಲ್ಲಿ ಜಾಗ ಕೊಟ್ಟ. ಜರ್ಮನಿಯಿಂದ ಬಂದ ಕಿಟೆಲ್ ಪಾದ್ರಿಗೆ ಇವು ಕೀಳು ಎನಿಸಲಿಲ್ಲ, 1894ರ ನಿಘಂಟಿನಲ್ಲಿ ಒಂದೊಂದನ್ನೂ ಆಯ್ದು ಅಚ್ಚು ಮಾಡಿಸಿದ. ನಾಚಿಕೆ ಬಂದದ್ದು ನಮಗೆ ಮಾತ್ರ!

ಇದು ಮಕ್ಕಳ ಮಾತು ಎನ್ನುವ ಪಂಡಿತರಿಗೆ ಒಂದು ಮಾತು. ಇದು ದುಡಿಯುವವರ ಶಾಸ್ತ್ರ. ದೇವದುರ್ಗದ ಸಂತೆಯಲ್ಲಿ ಗಡಿಗೆ ಕೊಳ್ಳುವ ತಾಯಿ ಬೆರಳಿನಿಂದ ಬಡಿದು ನೋಡುತ್ತಾಳೆ. ‘ಠಣ್’ ಅಂದರೆ ಗಟ್ಟಿ, ‘ಬದ್’ ಅಂದರೆ ಬಿರುಕು. ಮಾನ್ವಿಯ ಗಿರಣಿಗೆ ಭತ್ತ ಬಂದರೆ ಅನುಭವಸ್ಥ ಒಂದು ಕಾಳು ಹಲ್ಲಿಗಿಡುತ್ತಾನೆ. ‘ಕಟಕ್’ ಅಂದರೆ ಒಣಗಿದೆ, ಇಲ್ಲವಾದರೆ ಇನ್ನೂ ಹಸಿ. ನಮ್ಮ ಅಚ್ಚುಕೂಟದ ಕಸುಬಿನಲ್ಲೂ ಹೀಗೆಯೇ. ಹಾಳೆಯನ್ನು ಮೂಲೆ ಹಿಡಿದು ಝಾಡಿಸಿದಾಗ ‘ಪರಪರ’ ಅನ್ನಬೇಕು, ಸದ್ದು ಮೆತ್ತಗಾದರೆ ಥಂಡಿ ಹಿಡಿದಿದೆ ಎಂದೇ ಅರ್ಥ. ಹಳೆಯ ಟ್ರೆಡಲ್ ಯಂತ್ರ ‘ಖಟಕ್ ಧಬ್, ಖಟಕ್ ಧಬ್’ ಎಂದು ನಡೆಯುತ್ತಿರುವಾಗ ನಡುವೆ ‘ಲೊಡಲೊಡ’ ಸೇರಿತೆಂದರೆ ಕೈ ತಾನೇ ಯಂತ್ರ ನಿಲ್ಲಿಸುತ್ತಿತ್ತು. ಎಲ್ಲೋ ಏನೋ ಸಡಿಲಾಗಿದೆ! ಓದದವನೂ ಕಿವಿಯಿಂದ ಯಂತ್ರ ಓದುತ್ತಿದ್ದ.

ಈಗ ಹೇಳಿ, ಈ ಪದ ಹೋದರೆ ಹೋಗುವುದು ಬರೀ ಪದವೇ? ಐಟಿಐ ಕಲಿತ ಹುಡುಗನಿಗೆ ಬೇರಿಂಗ್, ಬೆಲ್ಟ್, ಗೇರ್ ಎಂಬ ಹೆಸರು ಬರುತ್ತದೆ. ಬೇರಿಂಗ್ ‘ಗೊರಗೊರ’ ಅನ್ನುವುದಕ್ಕೂ ಬೆಲ್ಟ್ ‘ಕೀಂಯ್’ ಅನ್ನುವುದಕ್ಕೂ ಇರುವ ಅಂತರವನ್ನು ‘ನಾಯ್ಸ್ ಬರ್ತಾ ಇದೆ ಸಾರ್’ ಎಂಬ ಒಂದೇ ಮಾತಿನಲ್ಲಿ ಮುಗಿಸಿದರೆ ರಿಪೇರಿ ಯಾರು ಮಾಡಬೇಕು? ಆಸ್ಪತ್ರೆಯಲ್ಲೂ ಇದೇ ಕಥೆ. ಜಪಾನಿನಲ್ಲಿ ರೋಗಿ ತನ್ನ ನೋವು ‘ಝುಕಿ ಝುಕಿ’ಯೋ ‘ಶಿಕು ಶಿಕು’ವೋ ಎಂದು ಹೇಳುತ್ತಾನೆ, ವೈದ್ಯ ಅದನ್ನೇ ಹಿಡಿದು ಮುಂದಿನ ಪ್ರಶ್ನೆ ಕೇಳುತ್ತಾನೆ. ನಮ್ಮ ಮುದುಕಿ ‘ಹೊಟ್ಟಿ ಚುರುಚುರು ಅಂತದ, ಕಾಲು ಜುಮುಜುಮು ಅಂತದ’ ಎಂದು ಹೇಳಿದರೆ, ಕನ್ನಡ ಬಾರದ ವೈದ್ಯ ಏನು ಬರೆದುಕೊಳ್ಳಬೇಕು? ಕನ್ನಡದ ಹಕ್ಕು ಎಂದರೆ ಅಂಗಡಿಯ ಬೋರ್ಡು ಮಾತ್ರವಲ್ಲ, ಇದೂ ಹಕ್ಕೇ.

ಹಾಗೆಂದು ನೆರೆಯ ಭಾಷೆಯ ಮೇಲೆ ಕತ್ತಿ ಹಿರಿಯಬೇಕಿಲ್ಲ. 1956ಕ್ಕೆ ಮೊದಲು ಹೈದರಾಬಾದಿಗೆ ಸೇರಿದ್ದ ಈ ಜಿಲ್ಲೆಯ ಬಜಾರದಲ್ಲಿ ಇವತ್ತಿಗೂ ಕನ್ನಡ, ಉರ್ದು, ತೆಲುಗು ಮೂರೂ ಕೇಳುತ್ತವೆ. ಅವರ ‘ಗಡಬಡ್’, ನಮ್ಮ ‘ಗಡಿಬಿಡಿ’ ಒಂದೇ ಓಣಿಯಲ್ಲಿ ಓಡಾಡುತ್ತವೆ. ಇಂಥ ಜೋಡಿಪದಗಳು ದ್ರಾವಿಡ, ಆರ್ಯ ಭಾಷೆಗಳೆರಡಕ್ಕೂ ಸೇರಿದ ಸಮಾನ ಸ್ವತ್ತು ಎಂದು ಭಾಷಾಶಾಸ್ತ್ರಜ್ಞ ಎಮೆನೊ 1969ರಲ್ಲೇ ಬರೆದರು. ನಮ್ಮ ಜಗಳ ನೆರೆಯವರ ಜೊತೆಗಲ್ಲ, ನಮ್ಮ ಕೀಳರಿಮೆಯ ಜೊತೆಗೆ.

ಕೆಲಸ ಮೂರು. ಶಿಕ್ಷಕರು ಈ ಪದಗಳಿಗೆ ಕೆಂಪು ಗೆರೆ ಎಳೆಯುವುದನ್ನು ನಿಲ್ಲಿಸಲಿ. ಹೊರಗಿನಿಂದ ಬರುವ ವೈದ್ಯರಿಗೆ ಸರ್ಕಾರ ಕನ್ನಡ ಕಲಿಸುವಾಗ ನೋವಿನ ಈ ಮಾತುಗಳನ್ನೂ ಕಲಿಸಲಿ. ಮೂರನೆಯದು ನಿಮ್ಮದು. ಜೇಬಿನಲ್ಲಿ ಫೋನಿದೆ, ಅದರಲ್ಲಿ ದನಿ ಹಿಡಿಯುವ ಯಂತ್ರವಿದೆ. ಈ ಭಾನುವಾರ ಒಬ್ಬ ಕಮ್ಮಾರ, ಒಬ್ಬ ಗಿರಣಿ ಕಾರ್ಮಿಕ, ಒಬ್ಬ ಅಜ್ಜಿಯ ಬಳಿ ಕೂತು ಕೇಳಿ: ‘ಇದು ಕೆಟ್ಟಾಗ ಹೆಂಗ ಅಂತದ?’ ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ನೀವು ಬರೆಯುವ ಕಥೆ, ಬಿಡಿಸುವ ಕಾಮಿಕ್ಸ್‌ನಲ್ಲಿ ‘ಬ್ಯಾಂಗ್’, ‘ಕ್ರ್ಯಾಶ್’ ತೆಗೆದು ‘ಧಡಾರ್’, ‘ಫಳಾರ್’ ಹಾಕಿ. ಜಪಾನಿನ ಇಲಿ ಜಗತ್ತು ಸುತ್ತಿತು, ನಮ್ಮ ಕೊಡದ ‘ಢಣ್’ ಕನಿಷ್ಠ ರಾಯಚೂರಿನ ಶಾಲೆಯ ಬಾಗಿಲನ್ನಾದರೂ ದಾಟಲಿ!