ಹಣ್ಣಾಗುವ ಮುನ್ನ ಚಂದ್ರಿಕೆಗೆ ಬೇಡ

ಕಳೆದ ಭಾನುವಾರ ಸಂಜೆ ಕೆಂಪಾಪುರದ ಒಂದು ಮನೆಯ ಜಗಲಿಯಲ್ಲಿ ಕೂತಿದ್ದೆ. ಒಳಗಿನ ಹುಳುಮನೆಯಲ್ಲಿ ನಾಲ್ಕನೇ ಜ್ವರ ಎದ್ದ ರೇಷ್ಮೆ ಹುಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಹೊರಗೂ ಕೇಳುತ್ತಿತ್ತು. ಜಗಲಿಯ ಮೇಲೆ ಒಂದು ಫೈಲು ಬಿಚ್ಚಿಟ್ಟಿದ್ದರು. ಮೇಲೆ ಮನೆಮಗಳ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಕೆಳಗೆ ಅವಳ ಲಾಗ್‌ಬುಕ್, ಅದರ ಕೆಳಗೆ ಜಮೀನಿನ ಪಹಣಿ.

ಹುಡುಗಿಗೆ ಇಪ್ಪತ್ಮೂರು ವರ್ಷ. ಪದವಿ ಮುಗಿಸಿ, ಸಾಲ ಮಾಡಿ, 200 ಗಂಟೆ ಸಣ್ಣ ವಿಮಾನ ಹಾರಿಸಿ ಲೈಸೆನ್ಸ್ ಪಡೆದಿದ್ದಾಳೆ. ಕೆಲಸ ಸಿಕ್ಕಿಲ್ಲ. "ಇನ್ನೊಂದು ಇಪ್ಪತ್ತು ಲಕ್ಷ ಹಾಕಿದ್ರೆ ಏರ್‌ಬಸ್ ಜೆಟ್ ಓಡಿಸೋ ರೇಟಿಂಗ್ ಆಗ್ತದಂತೆ ಅಣ್ಣ, ಆಮೇಲೆ ಕೆಲಸ ಗ್ಯಾರಂಟಿ ಅಂತ ಒಬ್ರು ಹೇಳವ್ರೆ. ರಸ್ತೆ ಕಡೆ ಒಂದೆಕರೆ ಬಿಟ್ಟುಬಿಡಣ ಅಂತಿದೀನಿ. ನೀವೇನಂತೀರಿ?" ಎಂದು ಅವಳಪ್ಪ ಕೇಳಿದರು. ಬಾಯಿಗೆ ಬಂದ ಉತ್ತರ ಕೊಡುವ ಪ್ರಶ್ನೆ ಅದಲ್ಲ. ಒಂದು ವಾರ ಕೊಡಿ ಎಂದು ಬಂದೆ. ಬಲ್ಲವರನ್ನು ಕೇಳಿ, ನಿಯಮಗಳನ್ನು ಓದಿ ನನಗೆ ಅರ್ಥವಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಪ್ರಶ್ನೆ ಆ ಒಂದು ಮನೆಯದಷ್ಟೇ ಅಲ್ಲ.

ಕೆಂಪಾಪುರಕ್ಕೂ ವಿಮಾನಕ್ಕೂ ಎತ್ತಣ ಸಂಬಂಧ ಎಂದು ಯಾರೂ ಕೇಳಬೇಕಿಲ್ಲ. ಮಾಗಡಿ ಸೀಮೆಯ ಈ ಊರಿನಲ್ಲಿ ಹಿರಿಯ ಕೆಂಪೇಗೌಡರ ಸಮಾಧಿಯನ್ನು ಸಂಶೋಧಕರು ಗುರುತಿಸಿದ್ದು 2015ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಅವರ ಹೆಸರು ಬಂದಿತ್ತು. 2022ರ ನವೆಂಬರಿನಲ್ಲಿ ಅಲ್ಲಿ ಅವರ 108 ಅಡಿ ಎತ್ತರದ ಪ್ರತಿಮೆಯೂ ಎದ್ದಿತು. ನಾಡಪ್ರಭು ಮಣ್ಣಾದ ಊರಿನ ರೈತನ ಮಗಳು ಅವರ ಹೆಸರಿನ ನಿಲ್ದಾಣದಿಂದ ಜೆಟ್ ಹಾರಿಸಬೇಕೆಂದು ಆಸೆಪಡುವುದರಲ್ಲಿ ತಪ್ಪೇನೂ ಇಲ್ಲ. ಆಸೆ ದೊಡ್ಡದು, ನ್ಯಾಯವಾದದ್ದು. ಅದನ್ನು ಮುಟ್ಟುವ ದಾರಿ ಯಾವುದು, ಯಾವ ಹೊತ್ತಿಗೆ ಯಾವ ಹೆಜ್ಜೆ ಎಂಬುದಷ್ಟೇ ಪ್ರಶ್ನೆ.

ಮೊದಲು ಈ ರೇಟಿಂಗ್ ಎಂದರೇನು ಎಂದು ತಿಳಿಯೋಣ. ಕಮರ್ಷಿಯಲ್ ಲೈಸೆನ್ಸ್ ಇದ್ದವರು ಸಂಬಳಕ್ಕೆ ವಿಮಾನ ಹಾರಿಸಬಹುದು. ಆದರೆ ಏರ್‌ಬಸ್ ಎ320, ಬೋಯಿಂಗ್ 737ರಂಥ ಜೆಟ್ ಹಾರಿಸಲು ಆ ಮಾದರಿಗೇ ಬೇರೆ ತರಬೇತಿ, ಬೇರೆ ಪರೀಕ್ಷೆ ಉಂಟು. ಅದೇ ಟೈಪ್ ರೇಟಿಂಗ್. ಮೊದಲು ತರಗತಿಯಲ್ಲಿ ವಿಮಾನದ ಎಂಜಿನ್, ಹೈಡ್ರಾಲಿಕ್, ವಿದ್ಯುತ್, ಕಂಪ್ಯೂಟರುಗಳ ಪಾಠ. ಆಮೇಲೆ ಸಿಮ್ಯುಲೇಟರ್. ನೆಲಕ್ಕೆ ಊರಿದ ಆ ಕಾಕ್‌ಪಿಟ್ ನಿಜವಾದ ವಿಮಾನದಂತೆಯೇ ಅಲುಗುತ್ತದೆ, ವಾಲುತ್ತದೆ. ಇಬ್ಬರು ಜೋಡಿಯಾಗಿ ಕೂರುತ್ತಾರೆ. ಒಬ್ಬರು ಹಾರಿಸಿದರೆ ಇನ್ನೊಬ್ಬರು ಕಣ್ಣಿಟ್ಟು ಗಮನಿಸುತ್ತಾರೆ. ಎಂಜಿನ್ ಬೆಂಕಿ, ಗಾಳಿಯ ಹೊಡೆತ, ಕ್ಯಾಬಿನ್ ಒತ್ತಡದ ಕುಸಿತ, ಎಲ್ಲವನ್ನೂ ಅಲ್ಲೇ ಮತ್ತೆಮತ್ತೆ ಅಭ್ಯಾಸ ಮಾಡಿಸುತ್ತಾರೆ. ಇದಕ್ಕೆ ಸಾಮಾನ್ಯವಾಗಿ 15ರಿಂದ 25 ಲಕ್ಷ ರೂಪಾಯಿ ಖರ್ಚು. ಇದು ಮುಗಿದರೂ ಸಿಗುವುದು ಸಹ ಪೈಲಟ್ ಕುರ್ಚಿ. ಕ್ಯಾಪ್ಟನ್ ಆಗಲು ಕನಿಷ್ಠ 1500 ಗಂಟೆ ಹಾರಾಟ ಬೇಡುವ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಲೈಸೆನ್ಸ್ ಬೇಕು. ಸಂಸ್ಥೆಗಳು ಅದಕ್ಕಿಂತ ಹೆಚ್ಚು ಅನುಭವವನ್ನೇ ಕೇಳುತ್ತವೆ.

ಹಣ ಕಟ್ಟಿ ಕೊಳ್ಳುವ ಚೀಟಿ ಇದಲ್ಲ ಎಂಬುದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. 1990ರ ಫೆಬ್ರುವರಿ 14. ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ320 ವಿಮಾನ ಹಗಲು ಹೊತ್ತಿನಲ್ಲಿ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುತ್ತಿತ್ತು. ಎ320 ಆಗಿನ್ನೂ ನಮ್ಮ ದೇಶಕ್ಕೆ ಹೊಸದು. ಎಡಗಡೆ ಕೂತಿದ್ದ ಪೈಲಟ್ ಆ ಮಾದರಿಯ ಕ್ಯಾಪ್ಟನ್ ಆಗಲು ಪರೀಕ್ಷೆ ಕೊಡುತ್ತಿದ್ದರು, ಪಕ್ಕದಲ್ಲಿ ಪರೀಕ್ಷಿಸುವ ಹಿರಿಯ ಕ್ಯಾಪ್ಟನ್. ಇಳಿಯುವಾಗ ವಿಮಾನದ ಕಂಪ್ಯೂಟರು ಎಂಜಿನ್‌ಗಳನ್ನು ಕನಿಷ್ಠ ಬಲದಲ್ಲೇ ಇಟ್ಟು ಕೆಳಗಿಳಿಸುವ ವಿಧಾನದಲ್ಲಿತ್ತು. ವೇಗ ಕುಸಿಯುತ್ತಿರುವುದು ಗಮನಕ್ಕೆ ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಲಿವರ್ ಪೂರ್ತಿ ಮುಂದೆ ತಳ್ಳಿದರೂ ಜೆಟ್ ಎಂಜಿನ್ ಬಲ ತುಂಬಿಕೊಳ್ಳಲು ಕೆಲವು ಸೆಕೆಂಡು ಬೇಕು. ಆ ಸೆಕೆಂಡುಗಳು ಉಳಿದಿರಲಿಲ್ಲ. ರನ್‌ವೇಗೆ ಮುಂಚೆಯೇ ಗಾಲ್ಫ್ ಮೈದಾನಕ್ಕೆ ಬಡಿದ ವಿಮಾನದಲ್ಲಿದ್ದ 146 ಜನರಲ್ಲಿ 92 ಜನ ಸತ್ತರು. ಕಾಕ್‌ಪಿಟ್‌ನಲ್ಲಿದ್ದವರು ಹೊಸಬರಲ್ಲ. ಹೊಸ ಯಂತ್ರ ಆ ಗಳಿಗೆಯಲ್ಲಿ ಏನು ಮಾಡುತ್ತಿದೆ ಎಂಬುದು ಸಕಾಲಕ್ಕೆ ಮನಸ್ಸಿಗೆ ಬರಲಿಲ್ಲ, ಅಷ್ಟೇ.

ಇನ್ನೊಂದು ನೆನಪು ಮಂಗಳೂರಿನದು. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು, ಎಂಟು ಜನ ಬದುಕಿದರು. ಸಹ ಪೈಲಟ್ ಮೂರು ಸಲ ಇಳಿಸುವುದು ಬೇಡ, ಮೇಲೇರೋಣ ಎಂದು ಸೂಚಿಸಿದ್ದರೂ ಕ್ಯಾಪ್ಟನ್ ಇಳಿಸುವುದನ್ನು ಮುಂದುವರಿಸಿದ್ದು ತನಿಖೆಯಲ್ಲಿ ಕಂಡುಬಂತು. ಸಿಮ್ಯುಲೇಟರಿನಲ್ಲಿ ಇಬ್ಬರನ್ನು ಜೋಡಿಯಾಗಿ ಕೂರಿಸುವುದು ಯಾಕೆ ಎಂಬುದಕ್ಕೆ ಬೇರೆ ಪಾಠ ಬೇಡ. ಕಿರಿಯರಿಗೆ ಗಟ್ಟಿಯಾಗಿ ಹೇಳುವ ಧೈರ್ಯ, ಹಿರಿಯರಿಗೆ ಕೇಳಿಸಿಕೊಳ್ಳುವ ವಿನಯ, ಎರಡೂ ಈ ವಿದ್ಯೆಯ ಭಾಗ. ಬೆನ್ನ ಹಿಂದೆ 180 ಜನರನ್ನು ಕೂರಿಸಿಕೊಂಡು ಹೋಗುವವರು ಮೊದಲು ಕೇಳಿಕೊಳ್ಳಬೇಕಾದ್ದು "ನನಗೆ ಕೆಲಸ ಸಿಗುತ್ತದೆಯೇ" ಎಂದಲ್ಲ, "ನಾನು ಇದಕ್ಕೆ ಸಿದ್ಧಳಾಗಿದ್ದೇನೆಯೇ" ಎಂದು.

ಇನ್ನು ದುಡ್ಡಿನ ಮಾತು. ವಿಮಾನಯಾನದಷ್ಟು ಏರಿಳಿತದ ಕಸುಬು ಬೇರೆ ಕಡಿಮೆ. ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ 2005ರಲ್ಲಿ ಹಾರಿ 2012ರಲ್ಲಿ ನಿಂತಿತು. 2019ರ ಏಪ್ರಿಲಿನಲ್ಲಿ ಜೆಟ್ ಏರ್‌ವೇಸ್ ನಿಂತಿತು. 2020ರ ಮಾರ್ಚ್‌ನಿಂದ ಎರಡು ತಿಂಗಳು ದೇಶದೊಳಗಿನ ವಿಮಾನಗಳೆಲ್ಲ ನೆಲ ಹಿಡಿದವು. 2023ರ ಮೇನಲ್ಲಿ ಗೋ ಫಸ್ಟ್ ಮುಚ್ಚಿತು. ಸಂಸ್ಥೆ ಮುಚ್ಚಿದಾಗಲೆಲ್ಲ ಅನುಭವವಿದ್ದ ನೂರಾರು ಪೈಲಟ್‌ಗಳು ಬೀದಿಗೆ ಬಂದರು. ಅಂಥವರ ಪಕ್ಕದಲ್ಲಿ, 200 ಗಂಟೆಯ ಹುಡುಗಿ ಸ್ವಂತ ದುಡ್ಡಿನ ರೇಟಿಂಗ್ ಹಿಡಿದು ಸಾಲಿನಲ್ಲಿ ನಿಂತರೆ ಮೊದಲು ಕರೆಯುವುದು ಯಾರನ್ನು?

ಇನ್ನೊಂದು ಮಗ್ಗುಲೂ ಇದೆ. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. 2025ರ ಡಿಸೆಂಬರಿನಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕಷ್ಟು ಸಿಬ್ಬಂದಿ ಇಲ್ಲದೆ ಇಂಡಿಗೋದ ಸಾವಿರಾರು ಹಾರಾಟ ರದ್ದಾದದ್ದನ್ನು ನಾವೆಲ್ಲ ನೋಡಿದೆವು. ಹಾಗಾಗಿ ಮುಂದೆ ಕೆಲಸಗಳು ಬರುತ್ತವೆ ಎಂಬ ಮಾತು ಸುಳ್ಳಲ್ಲ. ಆದರೆ ಆರ್ಡರ್ ಕೊಟ್ಟ ವಿಮಾನ ಒಂದೇ ದಿನ ಬಂದಿಳಿಯುವುದಿಲ್ಲ, ಹಲವು ವರ್ಷಗಳಲ್ಲಿ ಒಂದೊಂದಾಗಿ ಬರುತ್ತದೆ. ಹೊಸಬರನ್ನು ಯಾವಾಗ, ಎಷ್ಟು ಜನರನ್ನು, ಯಾವ ವಿಮಾನಕ್ಕೆ ತೆಗೆದುಕೊಳ್ಳಬೇಕೆಂದು ತೀರ್ಮಾನಿಸುವುದು ಸಂಸ್ಥೆ. ತರಬೇತಿ ಮಾರುವ ಮಧ್ಯವರ್ತಿಗೆ ಆ ಅಧಿಕಾರ ಇಲ್ಲ. ಕೆಲಸದ "ಗ್ಯಾರಂಟಿ" ಕೊಡುವವರ ಬಳಿ ಸಂಸ್ಥೆಯ ನೇಮಕಾತಿ ಪತ್ರ ಕೇಳಿ. ಇಲ್ಲವೆಂದರೆ ಮಾತು ಅಲ್ಲಿಗೇ ಮುಗಿಯಲಿ.

ಲೆಕ್ಕವನ್ನು ನಮ್ಮ ಭಾಷೆಯಲ್ಲೇ ಹಾಕೋಣ. ಜಮೀನು ಮಾರದೆ ಸಾಲವನ್ನೇ ಮಾಡಿದರೂ, ಇಪ್ಪತ್ತು ಲಕ್ಷಕ್ಕೆ ಶೇ 12ರ ಬಡ್ಡಿ ಎಂದಿಟ್ಟುಕೊಂಡರೆ ತಿಂಗಳಿಗೆ ಬರೀ ಬಡ್ಡಿ 20 ಸಾವಿರ. ನೂರು ಮೊಟ್ಟೆಗುಂಪು ಸಾಕಿ, ಬೆಳೆ ಕೈಹಿಡಿದು, 75 ಕೆ.ಜಿ. ಗೂಡು ಬಂದು, ರಾಮನಗರದ ಮಾರುಕಟ್ಟೆಯಲ್ಲಿ ಕೆ.ಜಿ.ಗೆ 500 ರೂಪಾಯಿ ಸಿಕ್ಕಿತು ಎನ್ನೋಣ. ಕೂಲಿ, ಗೊಬ್ಬರ, ಔಷಧಿ ಕಳೆಯುವ ಮೊದಲೇ ಅದು 37,500. ಎರಡು ತಿಂಗಳ ಬಡ್ಡಿಗೂ ಸಾಲದು. ಜೊತೆಗೆ, ಕಲಿತ ವಿದ್ಯೆ ಸುಮ್ಮನೆ ಕೂತರೆ ಉಳಿಯುವುದಿಲ್ಲ. ಪ್ರಯಾಣಿಕರನ್ನು ಕರೆದೊಯ್ಯುವ ಪೈಲಟ್ 90 ದಿನಗಳೊಳಗೆ ಕನಿಷ್ಠ ಮೂರು ಸಲ ಏರಿ ಮೂರು ಸಲ ಇಳಿದಿರಬೇಕು. ಆರು ತಿಂಗಳಿಗೊಮ್ಮೆ ಸಿಮ್ಯುಲೇಟರಿನಲ್ಲಿ ಪರೀಕ್ಷೆ ಇರುತ್ತದೆ. ಕೆಲಸವಿಲ್ಲದ ರೇಟಿಂಗ್ ಉಳಿಸಿಕೊಳ್ಳಲು ಮತ್ತೆ ಮತ್ತೆ ದುಡ್ಡು ಸುರಿಯಬೇಕು.

ಹಾಗಾದರೆ ಏನು ಮಾಡಬೇಕು? ಈಗ ಪಿಯುಸಿ ಓದುತ್ತಿರುವ ಮಕ್ಕಳಿದ್ದರೆ ಭೌತಶಾಸ್ತ್ರ, ಗಣಿತ ಇರಲಿ. ಒಂದು ರೂಪಾಯಿ ಶುಲ್ಕ ಕಟ್ಟುವ ಮೊದಲು ಕ್ಲಾಸ್ 1 ವೈದ್ಯಕೀಯ ಪರೀಕ್ಷೆ ಮುಗಿಸಿ. ಬೆಂಗಳೂರಿನ ವಿಮಾನಪುರದಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದಕ್ಕೆ ದೇಶದ ದೊಡ್ಡ ಕೇಂದ್ರಗಳಲ್ಲೊಂದು. ಕಣ್ಣು, ಕಿವಿ, ಹೃದಯದ ತೊಡಕು ಲಕ್ಷಗಳು ಖರ್ಚಾದ ಮೇಲೆ ಗೊತ್ತಾಗಬಾರದು. ಆಮೇಲೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಲಿಖಿತ ಪರೀಕ್ಷೆಗಳು, ಆಮೇಲೆ ಹಾರಾಟ. ಲೈಸೆನ್ಸ್ ಬಂದವರು ಎರಡು ಎಂಜಿನ್‌ನ ರೇಟಿಂಗ್, ಇನ್‌ಸ್ಟ್ರುಮೆಂಟ್ ರೇಟಿಂಗ್ ಚಾಲ್ತಿಯಲ್ಲಿಟ್ಟುಕೊಂಡು ಸಂಸ್ಥೆಗಳ ಆಯ್ಕೆ ಪರೀಕ್ಷೆಗೆ ಓದಬೇಕು. ಬೋಧಕರ ರೇಟಿಂಗ್ ಮಾಡಿಕೊಂಡು ಹಾರಾಟ ಶಾಲೆಯಲ್ಲಿ ಕಲಿಸಿದರೆ ಗಂಟೆಯೂ ಕೂಡುತ್ತದೆ, ಸಂಬಳವೂ ಬರುತ್ತದೆ. ಕಲಬುರಗಿ, ಬೆಳಗಾವಿಯಲ್ಲಿ ಈಗ ಅಂಥ ಶಾಲೆಗಳಿವೆ. ಜೆಟ್ ಎಂದರೆ ಏರ್‌ಬಸ್ ಒಂದೇ ಅಲ್ಲ. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಯನ್ನು ಬೆಸೆದ ಸ್ಟಾರ್ ಏರ್ 2019ರಲ್ಲಿ ಶುರುವಾಗಿದ್ದು 50 ಸೀಟಿನ ಎಂಬ್ರೇಯರ್ ಜೆಟ್‌ನಿಂದ. ಯಾವ ವಿಮಾನಕ್ಕೆ ಕರೆ ಬರುತ್ತದೋ ಆ ವಿಮಾನದ ರೇಟಿಂಗ್ ಮಾಡಿ. ಕರೆ ಬರುವ ಮೊದಲೇ ಒಂದು ಮಾದರಿಗೆ ದುಡ್ಡು ಕಟ್ಟಿದವರಿಗೆ ಇನ್ನೊಂದು ಮಾದರಿಗೆ ಕರೆ ಬಂದರೆ ಕಟ್ಟಿದ್ದು ನೀರಿಗೆ ಹಾಕಿದಂತೆ.

ದುಡ್ಡೇ ಬೇಡದ ದಾರಿಯೂ ಇದೆ, ಅದನ್ನು ನಮ್ಮ ಹಳ್ಳಿಗಳಲ್ಲಿ ಯಾರೂ ಹೇಳುವುದಿಲ್ಲ. ವಾಯುಪಡೆಯ ಯುದ್ಧ ಪೈಲಟ್‌ಗಳಿಗೆ ಹಾಕ್ ಎಂಬ ವಿಮಾನದಲ್ಲಿ ಮುಂದುವರಿದ ಜೆಟ್ ತರಬೇತಿ ನಡೆಯುವುದು ನಮ್ಮ ಬೀದರ್‌ನಲ್ಲಿ. ಆ ವಿಮಾನಗಳಲ್ಲಿ ಹೆಚ್ಚಿನವು ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾದವು. 2016ರಲ್ಲಿ ದೇಶದ ಮೊದಲ ಮೂವರು ಮಹಿಳಾ ಯುದ್ಧ ಪೈಲಟ್‌ಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಹಾಕ್ ಕಲಿತದ್ದೂ ಬೀದರ್‌ನಲ್ಲೇ. 2018ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನಭೋಗ್ ಅವರೂ ಆ ಸಾಲಿಗೆ ಸೇರಿದರು. ವಾಯುಪಡೆ ಸೇರಲು ಪದವೀಧರರು ಎಎಫ್‌ಕ್ಯಾಟ್ ಪರೀಕ್ಷೆ ಬರೆಯಬಹುದು. ಕಮರ್ಷಿಯಲ್ ಲೈಸೆನ್ಸ್ ಇದ್ದವರಿಗೆ ವಯಸ್ಸಿನ ಮಿತಿ 26ರವರೆಗೆ ಸಡಿಲವಿದೆ. ಆಯ್ಕೆ ಬಹಳ ಕಠಿಣ, ಸೈನಿಕರ ಬದುಕಿಗೆ ಮನಸ್ಸು ಒಪ್ಪಬೇಕು. ಆದರೆ ಅಲ್ಲಿ ಪಹಣಿ ಕೇಳುವುದಿಲ್ಲ.

ಸರ್ಕಾರಕ್ಕೂ ಒಂದು ಮಾತು. ಜಯಚಾಮರಾಜೇಂದ್ರ ಒಡೆಯರ್ ಕಾಲದಿಂದ ಜಕ್ಕೂರಿನಲ್ಲಿ ಸರ್ಕಾರದ್ದೇ ಹಾರಾಟ ಶಾಲೆ ಇದೆ. ಅದು ವರ್ಷಪೂರ್ತಿ, ಸಾಕಷ್ಟು ವಿಮಾನ ಮತ್ತು ಬೋಧಕರೊಂದಿಗೆ ನಡೆಯಬೇಕು. ರೈತರ, ಕೂಲಿಯವರ ಮಕ್ಕಳಿಗೆ ಜಮೀನಿನ ಅಡಮಾನವಿಲ್ಲದ ಸಾಲ, ಕೆಲಸ ಸಿಕ್ಕ ಮೇಲೆ ಕಂತು ಕಟ್ಟುವ ವ್ಯವಸ್ಥೆ ಬೇಕು. ಕೆಂಪೇಗೌಡರ ಹೆಸರನ್ನು ನಿಲ್ದಾಣಕ್ಕೆ ಇಟ್ಟವರು ಅವರ ಸೀಮೆಯ ಮಕ್ಕಳನ್ನು ಕಾಕ್‌ಪಿಟ್‌ವರೆಗೆ ತಲುಪಿಸುವ ದಾರಿಯನ್ನೂ ಮಾಡಿಕೊಡಲಿ.

ಈ ಭಾನುವಾರ ಮತ್ತೆ ಆ ಮನೆಗೆ ಹೋಗಿ ಇಷ್ಟನ್ನೂ ಹೇಳಿದೆ. ಹುಡುಗಿ ತಲೆಯಾಡಿಸಿ, ಟೇಕಾಫ್ ಮಾಡುವಾಗ ವಿ-ಒನ್ ಎಂಬ ವೇಗವಿರುತ್ತದೆ, ಅದನ್ನು ದಾಟಿದ ಮೇಲೆ ಏನೇ ಕೆಟ್ಟರೂ ಬ್ರೇಕ್ ಹಿಡಿಯುವಂತಿಲ್ಲ, ಹಾರಲೇಬೇಕು ಎಂದು ಅಪ್ಪನಿಗೆ ವಿವರಿಸಿದಳು. "ಜಮೀನಿನ ಕ್ರಯಪತ್ರಾನೂ ಹಂಗೇ ಕಣಪ್ಪ" ಎಂದಳು. ಅವರು ತಕ್ಷಣ ಏನೂ ಹೇಳಲಿಲ್ಲ. ಒಳಗೆ ಹೋಗಿ ಒಂದು ಹುಳುವನ್ನು ಅಂಗೈಯಲ್ಲಿ ಇಟ್ಟುಕೊಂಡು ಬಂದರು. ಮೈ ತಿಳಿಯಾಗಿ ಹೊಳೆಯುತ್ತಿತ್ತು, ಸೊಪ್ಪು ಬಿಟ್ಟು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿತ್ತು. "ಇದು ಹಣ್ಣಾಗೈತೆ. ಇದನ್ನ ಈಗ ಚಂದ್ರಿಕೆಗೆ ಬಿಟ್ರೆ ಗೂಡು ಕಟ್ತದೆ. ಎರಡು ದಿನ ಮುಂಚೆ ಬಿಟ್ಟಿದ್ರೆ ಹಸ್ಕೊಂಡು ಅಲೀತಿತ್ತು. ತಡ ಮಾಡಿದ್ರೆ ತಟ್ಟೇಲೇ ನೂಲು ಹಾಳು ಮಾಡ್ಕತಿತ್ತು" ಎಂದರು.

ಪಹಣಿ ಮತ್ತೆ ಬೀರು ಸೇರಿತು. ಹುಡುಗಿ ಎಎಫ್‌ಕ್ಯಾಟ್‌ಗೂ, ವಿಮಾನಯಾನ ಸಂಸ್ಥೆಗಳ ಪರೀಕ್ಷೆಗೂ ಓದಲು ಕೂತಿದ್ದಾಳೆ. ಇಂಥ ಫೈಲು ಬಿಚ್ಚಿಟ್ಟುಕೊಂಡು ಕೂತಿರುವ ಎಲ್ಲ ಅಪ್ಪ ಅಮ್ಮಂದಿರಿಗೂ ನನ್ನ ಮಾತು ಇಷ್ಟೇ: ಮಕ್ಕಳ ಆಸೆಗೆ ಅಡ್ಡ ಬರಬೇಡಿ, ಆದರೆ ಕರೆ ಬರುವ ಮೊದಲು ಮಣ್ಣು ಮಾರಬೇಡಿ.